ಮುಂಬಯಿಯ ಆಟಕ್ಕೆ ಮುಂಬಯಿಯದೇ ಹಿಮ್ಮೇಳ ಬೇಕು

ಪತ್ತನಾಜೆಗೆ ಕರಾವಳಿಯ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮೇ ಕೊನೆಯ ವಾರದಿಂದ ದೀಪಾವಳಿಯ ಆಸುಪಾಸಿನವರೆಗೆ ಊರಿನಲ್ಲಿ ತಿರುಗಾಟವಿಲ್ಲ. ಮುಂಬಯಿಯ ಯಕ್ಷಗಾನಕ್ಕೆ ಅದೇ ಸುಗ್ಗಿಯ ಕಾಲ. ಊರಿನ ಕಲಾವಿದರ ತಂಡಗಳು ಒಂದರ ಹಿಂದೊಂದು ಇಲ್ಲಿಗೆ ಬರುತ್ತವೆ. ಮಾಟುಂಗ, ಕುರ್ಲಾ, ಸಾಂತಾಕ್ರೂಜ್, ಥಾಣೆ, ಡೊಂಬಿವಲಿ, ಮೀರಾ ರೋಡ್, ನವಿ ಮುಂಬಯಿ ಎಂದು ಒಂದು ಸಭಾಗೃಹದಿಂದ ಇನ್ನೊಂದಕ್ಕೆ ಹೋಗುತ್ತವೆ. ಜುಲೈ, ಆಗಸ್ಟ್ ತಿಂಗಳ ರಜಾದಿನಗಳಲ್ಲಿ ಆಟಕ್ಕೆ ಹೋಗುವುದೋ ತಾಳಮದ್ದಳೆಯ ಕೂಟಕ್ಕೆ ಹೋಗುವುದೋ ಎಂದು ಆರಿಸಿಕೊಳ್ಳಬೇಕಾಗುತ್ತದೆ. ಕರ್ನಾಟಕದ ಹೊರಗಿನ ಮಹಾನಗರಗಳಲ್ಲಿ ಯಕ್ಷಗಾನವನ್ನು ಇಷ್ಟು ಪ್ರೀತಿಯಿಂದ ಕರೆಸಿ, ಉಣಿಸಿ, ನೋಡುವ ನಗರ ಮತ್ತೊಂದಿಲ್ಲವೆಂದೇ ನನ್ನ ನಂಬಿಕೆ. ಆದರೆ ಈ ನಗರ ಯಕ್ಷಗಾನವನ್ನು ಎಷ್ಟು ನೋಡುತ್ತದೆ ಎಂಬ ಲೆಕ್ಕವನ್ನೇ ಬಹಳ ವರ್ಷ ಹೇಳಿಕೊಂಡು ಬಂದಿದ್ದೇವೆ. ಎಷ್ಟನ್ನು ತಾನೇ ಮಾಡುತ್ತದೆ ಎಂದು ಈಗ ಕೇಳಬೇಕಾಗಿದೆ.

ಈ ಕಲೆ ಇಲ್ಲಿಗೆ ಬಂದದ್ದು ದುಡಿಯುವವರ ಜೊತೆಗೆ. ಹೋಟೆಲು, ಕ್ಯಾಂಟೀನು, ಬಂದರಿನ ಕೆಲಸಗಳಿಗೆಂದು ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲು ಲೋಟ ತೊಳೆದು, ರಾತ್ರಿ ಫೋರ್ಟ್ ಕಡೆಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲೇ ಹುಟ್ಟಿತ್ತು. ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ ಬಂದವು. ಜಾತಿಯ ಹೆಸರಿಲ್ಲದೆ ಕನ್ನಡದ ಹೆಸರಿನಲ್ಲಿ ಕಟ್ಟಿದ ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು. ಊರಿಗೆ ಕಾಗದ ಬರೆಯಲು ಅಕ್ಷರ, ತಲೆ ಇಡಲು ಜಾಗ, ಕಷ್ಟಕ್ಕೆ ನಾಲ್ಕು ಕಾಸು, ಇವುಗಳ ಜೊತೆಗೇ ನಾಟಕವೂ ಆಟವೂ ಈ ಸಂಘಗಳ ಕೆಲಸವಾಯಿತು. ಸಂಬಳದ ರಜೆಯಿಲ್ಲದ ಮನುಷ್ಯ ನಿದ್ದೆ ಬಿಟ್ಟು ಹೆಜ್ಜೆ ಕಲಿತ ಎಂಬುದನ್ನು ಮರೆತು ಮುಂಬಯಿಯ ಯಕ್ಷಗಾನದ ಬೆಲೆ ಕಟ್ಟಲಾಗದು. ಮುಂದೆ ನಾನು ಹೇಳಲಿರುವ ಆಕ್ಷೇಪಗಳೆಲ್ಲ ಆ ಗೌರವವನ್ನು ಇಟ್ಟುಕೊಂಡೇ ಹೇಳುವಂಥವು.

ಇನ್ನೂ ಹಿಂದಿನ ಒಂದು ನಂಟಿದೆ. ಕನ್ನಡದ ಕಡೆಯಿಂದ ಬಂದ ಭಾಗವತರಾಟದ ತಂಡವೊಂದರ ಪ್ರದರ್ಶನ ಸಾಂಗ್ಲಿಯ ದೊರೆಗೆ ಹಿಡಿಸಿತು. ಅಂಥದ್ದೇ ಆಟವನ್ನು ಮರಾಠಿಯಲ್ಲಿ ಮಾಡಬೇಕೆಂದು ಅವರು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು. ಸೂತ್ರಧಾರ ಪದ ಹಾಡುವುದು, ಪಾತ್ರಧಾರಿ ಅದಕ್ಕೆ ತನ್ನ ಮಾತನ್ನು ಅಲ್ಲೇ ಕಟ್ಟಿಕೊಳ್ಳುವುದು ಆ ನಾಟಕದ ಕ್ರಮ. ನಮ್ಮ ಭಾಗವತ ಮತ್ತು ಅರ್ಥಧಾರಿಯ ಸಂಬಂಧವೂ ಇದೇ. 1853ರಲ್ಲಿ ಭಾವೆಯವರ ತಂಡ ಮುಂಬಯಿಗೆ ಬಂದು ಆಡಿತು. ಮರಾಠಿ ರಂಗಭೂಮಿ ತನ್ನ ಮೊದಲ ನಾಟಕವೆಂದು ಹೆಮ್ಮೆಯಿಂದ ನೆನೆಯುವ ಪ್ರಯೋಗದ ಹಿಂದೆ ನಮ್ಮ ಆಟವಿದೆ. ಆದರೂ ದಾದರಿನಲ್ಲಿ ನಾಟಕ ನೋಡುವ ಮರಾಠಿ ಪ್ರೇಕ್ಷಕ ಒಂದೆರಡು ಸ್ಟೇಶನ್ ಆಚೆಯ ಮಾಟುಂಗದಲ್ಲಿ ನಡೆಯುವ ಯಕ್ಷಗಾನಕ್ಕೆ ಬರುವುದಿಲ್ಲ. ನಾವು ಕರೆಯುವುದೂ ಇಲ್ಲ. ನಮ್ಮ ಕರಪತ್ರ ನಮ್ಮವರಿಗೆ ಮಾತ್ರ.

ಮುಂಬಯಿ ಅತ್ಯಂತ ಚೆನ್ನಾಗಿ ಒಗ್ಗಿಸಿಕೊಂಡದ್ದು ತಾಳಮದ್ದಳೆಯನ್ನು. ಅದಕ್ಕೆ ವೇಷ ಬೇಡ, ಚೌಕಿ ಬೇಡ, ಬಣ್ಣ ಬೇಡ. ನಾಲ್ಕೈದು ಅರ್ಥಧಾರಿಗಳು, ಒಬ್ಬ ಭಾಗವತ, ಚೆಂಡೆ, ಮದ್ದಳೆ. ಹೊರಗೆ ಮಳೆ ಎಷ್ಟು ಸುರಿದರೂ ಒಳಗಿನ ಮಾತಿಗೆ ಅಡ್ಡಿಯಿಲ್ಲ. ಅಜೆಕಾರು ಕಲಾಭಿಮಾನಿ ಬಳಗದಂಥ ಸಂಘಟನೆಗಳು ವರ್ಷ ವರ್ಷವೂ ಊರಿನ ಹೆಸರಾಂತ ಅರ್ಥಧಾರಿಗಳನ್ನು ಕರೆತಂದು ಉಪನಗರಗಳಲ್ಲೆಲ್ಲ ಸರಣಿ ಕೂಟ ನಡೆಸುತ್ತವೆ. ಅದರಿಂದ ಒಂದು ಬಗೆಯ ಕಿವಿ ಈ ಊರಿನಲ್ಲಿ ತಯಾರಾಗಿದೆ. ‘ವಾಲಿಮೋಕ್ಷ’ದ ಕೂಟದಲ್ಲಿ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವ ಹೊತ್ತಿಗೆ ಸಭೆ ಹೇಗೆ ಮುಂದಕ್ಕೆ ಬಾಗುತ್ತದೆ ಎಂಬುದನ್ನು ನೋಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಆ ಸಭೆಯಲ್ಲಿ ಇನ್ನೂ ಇದ್ದಾರೆ. ಹೊಸಬರ ಮಾತನ್ನು ಅವರು ಆ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಬ್ಯಾಂಕಿನ ಗುಮಾಸ್ತ, ಹೋಟೆಲ್ ಮಾಲಕ, ನಿವೃತ್ತ ಮೇಷ್ಟ್ರು ಒಂದೇ ಸಾಲಿನಲ್ಲಿ ಕೂತು ಒಂದು ಉಪಮೆಗೆ ಒಟ್ಟಿಗೆ ತಲೆದೂಗುವುದು ಬೇರೆ ಯಾವ ಕನ್ನಡ ಕಾರ್ಯಕ್ರಮದಲ್ಲೂ ನನಗೆ ಕಾಣುವುದಿಲ್ಲ. ಸಾಹಿತ್ಯ ಗೋಷ್ಠಿಗೆ ಬಾರದ ಜನ ಇಲ್ಲಿಗೆ ಬರುತ್ತಾರೆ, ಧರ್ಮ ಯಾವುದು ಎಂಬ ವಾದವನ್ನು ಮೂರು ಗಂಟೆ ಕೇಳುತ್ತಾರೆ. ಮುಂಬಯಿಯ ಕನ್ನಡ ಬದುಕಿನ ಅತ್ಯುತ್ತಮ ಸಂಜೆಗಳಲ್ಲಿ ಇವನ್ನು ಎಣಿಸಲೇಬೇಕು.

ಆಟದ ಸ್ಥಿತಿ ಅಷ್ಟು ನೆಮ್ಮದಿಯದಲ್ಲ. ಇಡೀ ರಾತ್ರಿಯ ಆಟ ಇಲ್ಲಿ ಸಂಜೆಯ ಮೂರು, ನಾಲ್ಕು ಗಂಟೆಗೆ ಇಳಿದಿದೆ. ತೆರೆದ ಜಾಗದಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಸಭಾಗೃಹದ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತದೆ. ವಿರಾರಿಗೋ ಕಲ್ಯಾಣಕ್ಕೋ ಹೋಗಬೇಕಾದವರ ಕಣ್ಣು ಗಡಿಯಾರದ ಮೇಲಿರುತ್ತದೆ. ಇದು ಮುಂಬಯಿಯೊಂದರ ಕಥೆಯೂ ಅಲ್ಲ; ಧರ್ಮಸ್ಥಳ ಮೇಳವೂ ಈಗ ಕಾಲಮಿತಿಗೆ ಬಂದಿದೆ. ಹಾಗಾಗಿ ಕಡಿತವೇ ತಪ್ಪೆಂದು ನಾನು ವಾದಿಸುವುದಿಲ್ಲ. ಯಾವುದನ್ನು ಕಡಿಯುತ್ತೇವೆ ಎಂಬುದರ ಬಗ್ಗೆ ತಕರಾರಿದೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷದ ಪೂರ್ವರಂಗ ಮೊದಲು ಹೋಗುತ್ತದೆ. ಆಮೇಲೆ ಒಡ್ಡೋಲಗ ಮೊಟಕಾಗುತ್ತದೆ. ‘ದೇವಿ ಮಹಾತ್ಮೆ’ಯಲ್ಲಿ ಮಧುಕೈಟಭರನ್ನು ಓಡಿಸಿ ಮಹಿಷಾಸುರನ ಹತ್ತಿರ ಬರುತ್ತೇವೆ. ಊರಿನ ಬಯಲಿನಲ್ಲಿ ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿ ಹಾರಿಸುತ್ತ, ಪ್ರೇಕ್ಷಕರ ನಡುವಿನಿಂದ ಬರುವ ಮಹಿಷ ಇಲ್ಲಿ ಕುರ್ಚಿಗಳ ಮಧ್ಯದ ಓಣಿಯಲ್ಲಿ ಮೊಬೈಲು ಹಿಡಿದವರ ಕೈಗಳನ್ನು ದಾಟಿ ಬರುತ್ತಾನೆ. ಅಬ್ಬರ ಉಳಿಯುತ್ತದೆ, ಕಾಯುವಿಕೆ ಉಳಿಯುವುದಿಲ್ಲ. ರಾತ್ರಿ ಹತ್ತಕ್ಕೆ ಕೂತವನಿಗೆ ಬೆಳಗಿನ ಜಾವ ಮೂರಕ್ಕೆ ಕಾಣುವ ಬಣ್ಣದ ವೇಷ ಬೇರೆ. ಸಂಜೆ ಐದಕ್ಕೆ ಕೂತವನಿಗೆ ಆರೂವರೆಗೆ ಕಾಣುವುದು ಬೇರೆ. ಪೂರ್ವರಂಗವನ್ನು ಪೂರ್ತಿ ಆಡಿ, ಕಥೆಯ ಒಂದೇ ಭಾಗವನ್ನು ನಿಧಾನವಾಗಿ ಆಡುವ ಧೈರ್ಯವನ್ನು ಮುಂಬಯಿ ತೋರಿಸಬಹುದಿತ್ತು. ಇಲ್ಲಿನ ಪ್ರೇಕ್ಷಕರಿಗೆ ಕಥೆ ಗೊತ್ತಿದೆ. ಕಥೆ ಮುಗಿಸುವ ಆತುರ ಯಾರಿಗೂ ಬೇಕಿಲ್ಲ.

ಇದ್ದ ಹೊತ್ತನ್ನು ಸಭಾ ಕಾರ್ಯಕ್ರಮ ತಿನ್ನುತ್ತದೆ ಎಂಬುದು ನೋಡುವವರೆಲ್ಲರ ಅನುಭವ. ಆಟದ ಮಧ್ಯೆ ತೆರೆ ಬೀಳುತ್ತದೆ. ವೇದಿಕೆಯ ಮೇಲೆ ಹತ್ತು ಹನ್ನೆರಡು ಕುರ್ಚಿ ಬರುತ್ತವೆ. ಸ್ವಾಗತ, ಪ್ರಾಸ್ತಾವಿಕ, ದಾನಿಗಳಿಗೆ ಶಾಲು, ಸ್ಮರಣಿಕೆ, ಫಲಪುಷ್ಪ, ಒಬ್ಬೊಬ್ಬರ ಎರಡು ಮಾತು. ಕಿರೀಟ ಕಟ್ಟಿಕೊಂಡ ವೇಷಧಾರಿ ಚೌಕಿಯಲ್ಲಿ ಬೆವರುತ್ತ ಕಾಯುತ್ತಾನೆ. ದಾನಿಗಳಿಲ್ಲದೆ ಇಲ್ಲಿ ಯಾವುದೂ ನಡೆಯದು, ಅವರ ಪ್ರೀತಿಯೂ ನಿಜವಾದದ್ದು. ಬಹಳ ಜನ ಹುಡುಗರಾಗಿದ್ದಾಗ ಸ್ವತಃ ವೇಷ ಹಾಕಿದವರು. ಆ ಪ್ರೀತಿ ಇರುವುದರಿಂದಲೇ ಅವರನ್ನು ಕೇಳಬಹುದು: ನಿಮ್ಮ ಹೆಸರನ್ನು ಆಟದ ಆರಂಭಕ್ಕೆ ಮುಂಚೆ ಕಾಲು ಗಂಟೆಯಲ್ಲಿ ಹೇಳಿ ಮುಗಿಸಿದರೆ ಸಾಲದೇ?

ನನ್ನ ಮುಖ್ಯ ಮಾತು ಹಿಮ್ಮೇಳದ್ದು, ಎಂದರೆ ಭಾಗವತ ಮತ್ತು ಚೆಂಡೆ, ಮದ್ದಳೆಯವರದು. ಒಂದು ಊರಿನಲ್ಲಿ ಯಕ್ಷಗಾನ ಬೇರುಬಿಟ್ಟಿದೆಯೇ ಎಂದು ತಿಳಿಯಲು ವೇಷಧಾರಿಗಳ ಮುಮ್ಮೇಳವನ್ನು ನೋಡಬಾರದು. ವೇಷಭೂಷಣ ಬಾಡಿಗೆಗೆ ಸಿಗುತ್ತದೆ, ಹೆಜ್ಜೆ ಒಂದೆರಡು ವರ್ಷದಲ್ಲಿ ಒಲಿಯುತ್ತದೆ. ಭಾಗವತಿಕೆ ಹಾಗಲ್ಲ. ನೂರಾರು ಪ್ರಸಂಗಗಳ ನಡೆ, ರಾಗ, ತಾಳ, ಬಿಡ್ತಿಗೆ, ಮುಕ್ತಾಯ ಎಲ್ಲ ತಲೆಯಲ್ಲಿರಬೇಕು. ಅರ್ಥಧಾರಿ ದಾರಿ ತಪ್ಪಿದರೆ ಒಂದು ಪದ ಎತ್ತಿಕೊಟ್ಟು ಕಥೆಗೆ ಮರಳಿ ತರಬೇಕು. ಭಾಗವತನೇ ಒಂದನೇ ವೇಷ ಎನ್ನುವ ವಾಡಿಕೆ ಸುಮ್ಮನೆ ಬಂದದ್ದಲ್ಲ. ಮದ್ದಳೆಗಾರನಿಗೂ ಇಷ್ಟೇ ವರ್ಷಗಳ ಸಾಧನೆ ಬೇಕು. ಮುಂಬಯಿಯಲ್ಲಿ ಇಂಥವರು ಇಲ್ಲವೆಂದಲ್ಲ. ಕೆಲಸ ಮುಗಿಸಿ, ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿ ಚೆಂಡೆ ಕಾಪಾಡಿಕೊಂಡು ಬಂದು, ಮಕ್ಕಳಿಗೆ ತಾಳ ಹೇಳಿಕೊಡುವ ಮಹನೀಯರಿದ್ದಾರೆ. ಆದರೆ ದೊಡ್ಡ ಆಟ ಎಂದ ಕೂಡಲೇ ಹಿಮ್ಮೇಳವನ್ನು ಊರಿನಿಂದ ಕರೆಸುತ್ತೇವೆ. ಕರಪತ್ರದಲ್ಲಿ ಊರಿನ ಭಾಗವತರ ಭಾವಚಿತ್ರ ದೊಡ್ಡದಾಗಿ ಇರುತ್ತದೆ. ವರ್ಷವಿಡೀ ಮಕ್ಕಳ ಜೊತೆ ಹೆಣಗಿದ ಇಲ್ಲಿನವರು ಸಹಕಾರ ಎಂಬ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿರುತ್ತಾರೆ. ಊರಿನ ಕಲಾವಿದರ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಮಳೆಗಾಲದಲ್ಲಿ ಅವರ ಮನೆ ನಡೆಯಲು ಮುಂಬಯಿ ಆಸರೆಯಾಗಿದೆ, ಅದು ನಿಲ್ಲಬಾರದು. ಆದರೆ ಸ್ವಂತ ಭಾಗವತನಿಗೆ ದೊಡ್ಡ ಪ್ರಸಂಗ ಆಡಿಸುವ ಅವಕಾಶ ಕೊಡದ ನಗರ ಮುಂದಿನ ಭಾಗವತನನ್ನು ಎಲ್ಲಿಂದ ತರುತ್ತದೆ?

ಮಕ್ಕಳ ಯಕ್ಷಗಾನದಲ್ಲಿ ಆಸೆಯೂ ಆತಂಕವೂ ಒಟ್ಟಿಗೇ ಇವೆ. ಬಿಲ್ಲವರ ಅಸೋಸಿಯೇಷನ್ನಿನ ಶ್ರೀ ಗುರುನಾರಾಯಣ ಯಕ್ಷಗಾನ ಮಂಡಳಿ, ಅಸಲ್ಫಾದ ಗೀತಾಂಬಿಕಾ ಮಂಡಳಿಯಂಥ ತಂಡಗಳು, ಬೇರೆ ಬೇರೆ ಉಪನಗರಗಳ ತರಬೇತಿ ವರ್ಗಗಳು ಮುಂಬಯಿಯಲ್ಲೇ ಹುಟ್ಟಿದ ತಲೆಮಾರನ್ನು ರಂಗಕ್ಕೆ ತಂದಿವೆ. ಕಲಿಯುವವರಲ್ಲಿ ಹುಡುಗಿಯರು ಬಹಳ. ವೃತ್ತಿಮೇಳಗಳು ಬಹುಮಟ್ಟಿಗೆ ಗಂಡಸರದೇ ಆಗಿ ಉಳಿದಿರುವಾಗ, ಈ ನಗರದಲ್ಲಿ ಹುಡುಗಿಯೊಬ್ಬಳು ಅಭಿಮನ್ಯುವಾಗಿ ಧೀಂಗಿಣ ಹಾಕುವುದು ಯಾರಿಗೂ ವಿಶೇಷವೆನಿಸುವುದಿಲ್ಲ. ಮುಂಬಯಿ ಯಕ್ಷಗಾನಕ್ಕೆ ಕೊಟ್ಟ ನಿಜವಾದ ಕೊಡುಗೆಯೆಂದರೆ ಇದು.

ಆದರೆ ಅರ್ಥ, ಎಂದರೆ ರಂಗದ ಮೇಲಿನ ಮಾತು? ಶಾಲೆ ಇಂಗ್ಲಿಷಿನದು, ಗೆಳೆಯರ ಮಾತು ಹಿಂದಿ, ಮನೆಯಲ್ಲಿ ತುಳು. ಕನ್ನಡ ಲಿಪಿ ಬಾರದ ಮಗು ಮಾತನ್ನು ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆದುಕೊಂಡು ಬಾಯಿಪಾಠ ಮಾಡುತ್ತದೆ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳು, ರಾತ್ರಿಶಾಲೆಗಳು ಬಡವಾದ ಮೇಲೆ ಇದು ಅನಿವಾರ್ಯವಾಯಿತು. ಒಂದು ಇಂಗ್ಲಿಷ್ ಪದವೂ ನುಸುಳದ ಕನ್ನಡವನ್ನು ಆ ಮಗು ಎರಡು ಗಂಟೆ ತಪ್ಪಿಲ್ಲದೆ ಆಡುವುದನ್ನು ಕೇಳಿದಾಗ ಕಣ್ಣು ತುಂಬುತ್ತದೆ. ಆದರೂ ವಿಮರ್ಶಕ ಹೇಳಬೇಕಾದ್ದನ್ನು ಹೇಳಲೇಬೇಕು: ಬಾಯಿಪಾಠದ ಮಾತು ಯಕ್ಷಗಾನದ ಅರ್ಧ ದಾರಿ. ಎದುರಿನವನು ಬರೆದುಕೊಂಡದ್ದನ್ನು ಬಿಟ್ಟು ಬೇರೆ ಪ್ರಶ್ನೆ ಹಾಕಿದರೆ ಅಲ್ಲೇ ಉತ್ತರ ಕಟ್ಟುವ ಶಕ್ತಿ ಈ ಕಲೆಯ ಪ್ರಾಣ. ಅದಕ್ಕೆ ಮಹಾಭಾರತ ಓದಿಸಬೇಕು, ಕನ್ನಡ ಓದಲು ಕಲಿಸಬೇಕು, ಸಣ್ಣ ಕೂಟಗಳಲ್ಲಿ ಮಕ್ಕಳನ್ನು ಕೂರಿಸಿ ತಪ್ಪಾಗಿಯಾದರೂ ಸ್ವಂತ ಮಾತು ಆಡಿಸಬೇಕು. ವಾರ್ಷಿಕೋತ್ಸವದ ಫೋಟೋಕ್ಕೆ ವೇಷ ಕಟ್ಟಿಸಿದರೆ ಈ ಕೆಲಸ ಆಗದು.

ಇದನ್ನು ಗಟ್ಟಿಯಾಗಿ ಹೇಳುವವರೂ ಕಡಿಮೆ. ಪತ್ರಿಕಾ ವರದಿಯಲ್ಲಿ ದೀಪ ಬೆಳಗಿದವರ, ಶಾಲು ಹೊದೆಸಿದವರ, ವಂದಿಸಿದವರ ಹೆಸರೆಲ್ಲ ಇರುತ್ತದೆ. ಭಾಗವತರು ಯಾವ ಪದವನ್ನು ಹೇಗೆ ಹಾಡಿದರು, ಕೌರವನ ಅರ್ಥ ಎಲ್ಲಿ ಸೋತಿತು ಎಂಬ ಒಂದು ಸಾಲೂ ಇರುವುದಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇಲ್ಲಿನ ಸಾಹಿತ್ಯದ ಬಗ್ಗೆ ಸಾಕಷ್ಟು ಅಧ್ಯಯನ ಮಾಡಿಸಿದೆ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳರ ಬಗ್ಗೆ ಓದಲು ಬೇಕಾದಷ್ಟಿದೆ. ಈ ನಗರದ ಭಾಗವತರು ಯಾರು, ಯಾವ ಶೈಲಿ ಯಾರಿಂದ ಯಾರಿಗೆ ಬಂತು ಎಂಬುದೂ ಅಷ್ಟೇ ಶ್ರದ್ಧೆಯಿಂದ ದಾಖಲಾಗಬೇಕು. ಧ್ವನಿಮುದ್ರಣ ಮಾಡಿಡಲು ಹಿರಿಯರು ಇನ್ನೂ ಇದ್ದಾರೆ.

ರಂಗಭೂಮಿಯ ಉಳಿದವರ ಜೊತೆಗಿನ ಮಾತುಕತೆಯೂ ನಿಂತಿದೆ. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಭಾಗವತನಿದ್ದಾನೆ, ಗಣಪತಿ ಪೂಜೆಯಿದೆ, ಅರ್ಧ ತೆರೆಯಿದೆ. ಸತ್ಯದೇವ ದುಬೆ 1972ರಲ್ಲಿ ಅದನ್ನು ಹಿಂದಿಯಲ್ಲಿ ಇದೇ ಊರಿನಲ್ಲಿ ಆಡಿಸಿದರು. ಮುಂದೆ ವಿಜಯಾ ಮೆಹ್ತಾ ಮರಾಠಿಗೆ ತಂದರು. ಯಕ್ಷಗಾನದ ರೀತಿ ಭಾರತದ ಆಧುನಿಕ ರಂಗಕ್ಕೆ ಹೊಸ ದಾರಿ ತೋರಿದ ದಿನಗಳವು. ನಮ್ಮಲ್ಲೂ ಸಂಘಗಳ ರಂಗ, ಹೊರಗಿನ ಹೊಸ ಪ್ರಯೋಗ ಎರಡೂ ಕಡೆ ಕಾಲಿಟ್ಟವರಿದ್ದರು. ‘ಘಟಶ್ರಾದ್ಧ’ ಚಿತ್ರದ ನಿರ್ಮಾಪಕ ಸದಾನಂದ ಸುವರ್ಣರು ಮುಂಬಯಿಯ ಕನ್ನಡ, ತುಳು ನಾಟಕಗಳಿಂದಲೇ ಬೆಳೆದು ಬಂದವರು. ಅಂಥ ಓಡಾಟ ಈಗ ವಿರಳ. ಪೃಥ್ವಿ ಥಿಯೇಟರಿನ ಹುಡುಗರಿಗೆ ಕುರ್ಲಾದ ಚೌಕಿ ಗೊತ್ತಿಲ್ಲ. ಕುರ್ಲಾದವರು ಪೃಥ್ವಿಗೆ ಹೋಗುವುದಿಲ್ಲ.

ಮುಂಬಯಿಯ ಸಂಘಗಳಿಗೆ ಸ್ವಂತ ಭವನಗಳಿವೆ, ದಾನಿಗಳಿದ್ದಾರೆ, ಕಿವಿಗೊಟ್ಟು ಕೇಳುವ ಜನರಿದ್ದಾರೆ. ಒಂದೊಂದು ಜಾತಿ ಸಂಘವೂ ತನ್ನದೇ ತಂಡ ಕಟ್ಟಲು ಹೊರಟರೆ ಯಾರ ಬಳಿಯೂ ಪೂರ್ಣ ಹಿಮ್ಮೇಳ ಉಳಿಯದು. ಎಲ್ಲ ಸಂಘಗಳು ಸೇರಿ ಒಂದು ಹಿಮ್ಮೇಳ ಶಾಲೆ ತೆರೆಯಲಿ. ಭಾಗವತಿಕೆ, ಮದ್ದಳೆ, ಚೆಂಡೆ ಕಲಿಸುವ ಗುರುಗಳಿಗೆ ತಿಂಗಳ ಸಂಬಳ ಕೊಡಲಿ. ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆ ಎರಡೂ ಕಡೆಯ ಮಕ್ಕಳು ತಲುಪಬಹುದಾದ ದಾದರ್, ಮಾಟುಂಗದ ಆಸುಪಾಸಿನಲ್ಲಿ ಅದು ಇರಲಿ. ವರ್ಷಕ್ಕೆ ಒಂದಾದರೂ ದೊಡ್ಡ ಆಟವನ್ನು ಪೂರ್ತಿಯಾಗಿ ಇಲ್ಲಿನ ಹಿಮ್ಮೇಳದಲ್ಲೇ ಆಡಿಸಿ, ಕರಪತ್ರದಲ್ಲಿ ಅವರ ಹೆಸರನ್ನು ಮೊದಲ ಸಾಲಿನಲ್ಲಿ ಹಾಕಲಿ. ಮರಾಠಿಯಲ್ಲೂ ಒಂದು ಕರಪತ್ರ ಅಚ್ಚಾಗಲಿ. ಮುಂದಿನ ಮಳೆಗಾಲದ ಕಾರ್ಯಕ್ರಮ ನಿಗದಿ ಮಾಡಲು ಕೂರುವ ಪದಾಧಿಕಾರಿಗಳು ಈ ವಿಷಯವನ್ನು ಆ ಸಭೆಯಲ್ಲೇ ಎತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.