ಕಾಯುವಿಕೆ ಮತ್ತು ಕಾಯಕ: ‘ಸಿದ್ಧರಾಮ ಚಾರಿತ್ರ’ದ ಒಂದು ಪ್ರಸಂಗ

ಕನ್ನಡದ ‘ಕಾಯು’ ಎಂಬ ಕ್ರಿಯಾಪದಕ್ಕೆ ಎದುರುನೋಡು ಎಂಬ ಅರ್ಥವೂ ಉಂಟು, ರಕ್ಷಿಸು ಎಂಬ ಅರ್ಥವೂ ಉಂಟು. ಭಕ್ತನು ದೇವರಿಗಾಗಿ ಕಾಯುತ್ತಾನೆ. ದೇವರು ಭಕ್ತನನ್ನು ಕಾಯುತ್ತಾನೆ. ಈ ನಂಟು ಇಂದು ಸಡಿಲವಾಗಿದೆ. ಹರಕೆ ಹೊತ್ತ ಮರುದಿನವೇ ಫಲವನ್ನು ಕೇಳುವ, ಬೆಳಿಗ್ಗೆ ಮೊಬೈಲಿಗೆ ಬಂದ ವಚನವನ್ನು ಓದಿ ಮುಗಿಸುವ ಮುನ್ನವೇ ಇನ್ನೊಬ್ಬರಿಗೆ ದಾಟಿಸುವ ಕಾಲವಿದು. ಈ ಆತುರಕ್ಕೆ ಮದ್ದೆಂದು ಶರಣಸಾಹಿತ್ಯವನ್ನು ತೋರಿಸಿ, ತಾಳ್ಮೆಯಿಂದಿದ್ದರೆ ಸಾಕು, ಉಳಿದದ್ದು ತಾನಾಗಿ ಒದಗುತ್ತದೆ ಎಂದು ಉಪನ್ಯಾಸಗಳಲ್ಲಿ ಹೇಳುವುದುಂಟು. ಶರಣರು ಬೋಧಿಸಿದ್ದು ಇಷ್ಟೆಯೇ ಎಂಬುದು ವಿಚಾರಾರ್ಹವಾಗಿದೆ.

ವಚನಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ತಾಳ್ಮೆಯಲ್ಲ, ತ್ವರೆ. ಪೂಜೆಯನ್ನು ಮುಪ್ಪಿನ ಕಾಲಕ್ಕೆ ಎತ್ತಿಡುವವರನ್ನು ಬಸವಣ್ಣನವರು ಎಚ್ಚರಿಸುತ್ತಾರೆ. ಮುಕ್ತಿಯನ್ನು ಸಾವಿನಾಚೆಗೆ ಮುಂದೂಡುವುದು ಶರಣರಿಗೆ ಸಮ್ಮತವಲ್ಲ. ಹಾಗಾದರೆ ಶರಣಮಾರ್ಗದಲ್ಲಿ ಕಾಯುವಿಕೆಗೆ ಎಡೆಯೆಲ್ಲಿ? ಈ ಪ್ರಶ್ನೆಗೆ ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಉತ್ತರ ಕೊಡುತ್ತದೆಂದು ನನ್ನ ಭಾವನೆ.

ಸೊನ್ನಲಿಗೆಯ ಬಾಲಕ ಸಿದ್ಧರಾಮ ನವಣೆಯ ಹೊಲದಲ್ಲಿದ್ದಾಗ ಮಲ್ಲಯ್ಯನು ಜಂಗಮರೂಪದಿಂದ ಬಂದು ಹಸಿವೆಂದು ಬೇಡುತ್ತಾನೆ. ಉಣಿಸು ತರಲು ಬಾಲಕ ಮನೆಗೆ ಓಡಿ ಮರಳುವಷ್ಟರಲ್ಲಿ ಜಂಗಮನು ಮರೆಯಾಗಿದ್ದಾನೆ. ಮಲ್ಲಯ್ಯನನ್ನು ಕೂಗುತ್ತ ಅವನು ಶ್ರೀಶೈಲಕ್ಕೆ ನಡೆಯುತ್ತಾನೆ. ಯಾತ್ರಿಕರು ಗುಡಿಯ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದರೆ ಅವನು ಒಪ್ಪುವುದಿಲ್ಲ. ಕೊನೆಗೆ ಕಮರಿಗೆ ಧುಮುಕಲು ಹೊರಟಾಗ ದೇವರು ಕೈಹಿಡಿಯುತ್ತಾನೆ.

ಇಲ್ಲಿಯವರೆಗಿನದನ್ನು ಎಲ್ಲರೂ ಬಲ್ಲರು. ವಿಮರ್ಶಕನು ನಿಂತು ನೋಡಬೇಕಾದುದು ಇದರ ಮುಂದಿನ ಭಾಗವನ್ನು. ಹಂಬಲಿಸಿ ಪಡೆದ ದೇವರ ಬಳಿಯಲ್ಲೇ ಉಳಿಯುವ ಭಾಗ್ಯ ಬಾಲಕನಿಗೆ ದೊರೆಯುವುದಿಲ್ಲ. ಹಿಂದಿರುಗಿ ಸೊನ್ನಲಿಗೆಯನ್ನೇ ಶ್ರೀಶೈಲವಾಗಿಸೆಂದು ಮಲ್ಲಯ್ಯನು ಕಳುಹಿಸುತ್ತಾನೆ. ಕೆರೆ ತೋಡಿಸುವ, ಗುಡಿ ಕಟ್ಟಿಸುವ ಕಾರ್ಯ ಅಲ್ಲಿಂದ ಮೊದಲಾಗುತ್ತದೆ. ಅಂದರೆ ಕಾಯುವಿಕೆ ದರ್ಶನದೊಡನೆ ಮುಗಿಯಲಿಲ್ಲ; ಕಾಯಕವಾಗಿ ರೂಪಾಂತರ ಹೊಂದಿತು.

ರಾಘವಾಂಕನ ಸೋದರಮಾವನೂ ಗುರುವೂ ಆದ ಹರಿಹರನ ‘ಗಿರಿಜಾ ಕಲ್ಯಾಣ’ದಲ್ಲಿ ಇದರ ಇನ್ನೊಂದು ಮುಖವಿದೆ. ತಾರಕನಿಗೆ ಅಂಜಿದ ದೇವತೆಗಳು ಶಿವನನ್ನು ಬೇಗ ಒಲಿಸಲೆಂದು ಕಾಮನನ್ನು ಕಳುಹಿಸುತ್ತಾರೆ; ಕಾಮ ಬೂದಿಯಾಗುತ್ತಾನೆ. ಉಪಾಯದಿಂದ ಆಗದ್ದು ಗಿರಿಜೆಯ ತಪಸ್ಸಿನಿಂದ ಆಗುತ್ತದೆ. ಆದರೆ ಗಿರಿಜೆಯೂ ಕೈಕಟ್ಟಿ ಕುಳಿತವಳಲ್ಲ. ತನ್ನಿಂದಾಗಬೇಕಾದ ತಪಸ್ಸನ್ನು ಅವಳು ನಾಳೆಗೆ ಬಿಡಲಿಲ್ಲ. ಈ ಎರಡು ಕಾವ್ಯಗಳನ್ನೂ ಬಸವಣ್ಣನವರ ಎಚ್ಚರಿಕೆಯನ್ನೂ ಜೊತೆಗಿಟ್ಟು ಓದಿದರೆ ತತ್ತ್ವ ಸ್ಪಷ್ಟವಾಗುತ್ತದೆ: ತನ್ನ ಪಾಲಿನ ಕೆಲಸದಲ್ಲಿ ತಡ ಸಲ್ಲದು, ದೇವರ ಪಾಲಿನದರಲ್ಲಿ ಆತುರ ಸಲ್ಲದು. ನಾವಾದರೋ ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ಕೆಲಸವೊಂದೇ ಸಾಕೆಂಬ ವಾದಕ್ಕೂ ಶರಣರಲ್ಲಿ ಉತ್ತರವಿದೆ. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಕೆರೆಗುಡಿಗಳ ನಿರ್ಮಾಣದಲ್ಲೇ ಮುಳುಗಿದ್ದ ಸಿದ್ಧರಾಮನನ್ನು ಕೆಣಕಿ ಒಳಮುಖನಾಗಿಸುತ್ತಾನೆ. ಕಾಯಕವಿಲ್ಲದ ಕಾಯುವಿಕೆ ಸೋಮಾರಿತನವಾದರೆ, ಕಾಯುವಿಕೆಯಿಲ್ಲದ ಕಾಯಕ ಬರಿಯ ದುಡಿಮೆ.

ಈ ತತ್ತ್ವಕ್ಕೆ ನಮ್ಮ ದಾವಣಗೆರೆಯೇ ಸಾಕ್ಷಿ ನುಡಿದಿದೆ. ಹರ್ಡೇಕರ ಮಂಜಪ್ಪನವರು ಇಲ್ಲಿಯ ವಿರಕ್ತಮಠದಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದ್ದು 1913ರಲ್ಲಿ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ವಚನಗಳೆಲ್ಲ ಅಚ್ಚಾಗಿ ಬರಲಿ, ಆಮೇಲೆ ನೋಡೋಣವೆಂದು ಮಂಜಪ್ಪನವರು ಕೂರಲಿಲ್ಲ. ಹಳಕಟ್ಟಿಯವರಾದರೋ ಊರೂರು ಅಲೆದು, ತಾಳೆಗರಿಗಳನ್ನು ಕೂಡಿಸಿ, ಒಂದೊಂದೇ ಪಾಠವನ್ನು ತಾಳ್ಮೆಯಿಂದ ಬಿಡಿಸಿದರು; ಮನೆಯನ್ನು ಮಾರಿ ಮುದ್ರಣಾಲಯವನ್ನು ಹೂಡಿದರು. ಒಬ್ಬರಲ್ಲಿ ತಡವಿಲ್ಲ, ಇನ್ನೊಬ್ಬರಲ್ಲಿ ಆತುರವಿಲ್ಲ.

ಹರಿಹರ, ದಾವಣಗೆರೆ ತಾಲ್ಲೂಕುಗಳಲ್ಲಿ ಭದ್ರಾ ನಾಲೆಯ ಕೊನೆಯ ಭಾಗದ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಅವನ ಕೈಯಲ್ಲಿಲ್ಲ. ಆದರೂ ಅವನು ಬದು ಕಟ್ಟಿ, ಸಸಿಮಡಿಯನ್ನು ಸಿದ್ಧಮಾಡಿ ಕಾಯುತ್ತಾನೆ. ಅಣೆಕಟ್ಟಿನಲ್ಲಿ ನೀರಿದ್ದೂ ತನ್ನ ಗದ್ದೆಗೆ ಬಾರದಿದ್ದರೆ ಅವನು ಪ್ರಶ್ನಿಸುತ್ತಾನೆ, ಅದೂ ನ್ಯಾಯವೇ. ಮನುಷ್ಯರು ಮಾಡಿದ ಅನ್ಯಾಯವನ್ನು ದೇವರ ಚಿತ್ತವೆಂದು ತಿಳಿದು ಸುಮ್ಮನಿರುವುದು ಶರಣರ ತಾಳ್ಮೆಯಲ್ಲ. ನೊಂದವರ ಮುಂದೆ ತಾಳ್ಮೆಯನ್ನು ಬೋಧಿಸುವವರು ಈ ಭೇದವನ್ನು ಮರೆಯಬಾರದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಒಂದು ಮಾತು. ವಚನ ಗಾತ್ರದಲ್ಲಿ ಕಿರಿದು. ಆದಕಾರಣ ಅದು ಬೇಗ ಮುಗಿಯುತ್ತದೆಂಬ ಭ್ರಮೆ ಹುಟ್ಟುತ್ತದೆ. ಬಹುಕಾಲ ಪಾಠ ಹೇಳಿದವನಾಗಿ ನಾನು ಕಂಡಂತೆ, ಮೊದಲ ಓದಿಗೆ ತಿಳಿಯಿತೆಂದ ವಚನವೇ ಹತ್ತನೆಯ ಓದಿಗೆ ಹೊಸ ಪ್ರಶ್ನೆಯನ್ನು ಹಾಕುತ್ತದೆ. ದಿನಕ್ಕೆ ಹತ್ತು ವಚನಗಳನ್ನು ದಾಟಿಸುವುದಕ್ಕಿಂತ ಒಂದನ್ನೇ ವಾರವಿಡೀ ಮನದಲ್ಲಿಟ್ಟು, ಅದು ಹೇಳಿದ ಕೆಲಸವನ್ನು ಅಂದೇ ತೊಡಗುವುದು ಮೇಲು. ಅರ್ಥ ತನ್ನ ಕಾಲಕ್ಕೆ ತಾನೇ ಬರುತ್ತದೆ.