ಯಾರ ಮಾನ, ಯಾರಿಂದ ಭಂಗ?

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಅಸಂಗಿಯಂಥ ಊರಿನಿಂದ ಕಾಲೇಜಿಗೆ ಹೊರಟ ಕನ್ನಡದ ಹುಡುಗಿಗೆ ಮನೆಯಲ್ಲೊಂದು ನುಡಿ, ಕಚೇರಿಯಲ್ಲೊಂದು ನುಡಿ. ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆದರೆ ಹೇಳಿಕೊಳ್ಳಲು ಈ ನುಡಿಗಳು ಕೊಡುವ ಪದಗಳೇನು? ಮರಾಠಿಯದು ‘ವಿನಯಭಂಗ’, ನಮ್ಮದು ‘ಮಾನಭಂಗ’. ಎರಡರಲ್ಲೂ ಮುರಿದದ್ದು ಅವಳದೇ. ‘ಮಾನಭಂಗಕ್ಕೆ ಒಳಗಾದಳು’ ಎಂಬಲ್ಲಿ ಕ್ರಿಯೆಗೂ ಅವಳೇ ಕರ್ತೃ. ಎಸಗಿದವನು ವಾಕ್ಯದಿಂದಲೇ ಪಾರು.

ಮಾನ ಹೋಯಿತೆಂದು ನಂಬಿದ ಮನೆ ಮೊದಲು ಅವಳ ಬಾಯಿ ಮುಚ್ಚಿಸುತ್ತದೆ, ಆಮೇಲೆ ಕಾಲೇಜು ಬಿಡಿಸುತ್ತದೆ, ಕೊನೆಗೆ ಅವಸರದಲ್ಲಿ ವರ ಹುಡುಕುತ್ತದೆ. ನಮ್ಮ ಎಷ್ಟೋ ಚಲನಚಿತ್ರಗಳೂ ಜನಪ್ರಿಯ ಕಾದಂಬರಿಗಳೂ ಕಲಿಸಿದ್ದು ಇದನ್ನೇ. ಅಂಥ ಹುಡುಗಿ ಒಂದೋ ಸಾಯಬೇಕು, ಇಲ್ಲವೇ ‘ಕೆಡಿಸಿದವನ’ ಕೈಯಿಂದಲೇ ತಾಳಿ ಕಟ್ಟಿಸಿಕೊಳ್ಳಬೇಕು.

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತೂ ಇದೇ ಬಳಗದ್ದು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಸಿದ ಆರೋಪ ಹೊತ್ತ ಪೊಲೀಸರನ್ನು, ಅವಳ ಮೈಮೇಲೆ ಗಾಯವಿಲ್ಲವೆಂಬುದನ್ನೂ ಎಣಿಸಿ, ಸರ್ವೋಚ್ಚ ನ್ಯಾಯಾಲಯ ಬಿಟ್ಟುಬಿಟ್ಟಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಇದನ್ನು ಖಂಡಿಸಿ ಬಹಿರಂಗ ಪತ್ರ ಬರೆದರು, ಮಹಿಳೆಯರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. 2013ರ ತಿದ್ದುಪಡಿಯ ಮಾತು ಇನ್ನೂ ಸ್ಪಷ್ಟ: ಹೆಣ್ಣು ಸೆಣಸಲಿಲ್ಲ ಎಂದಮಾತ್ರಕ್ಕೆ ಅದು ಒಪ್ಪಿಗೆಯಲ್ಲ. ಕಾಲೇಜಿಗೆ ಹೋಗುವ ಗಂಡುಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಬೇಕಾದ ಮೊದಲ ಪಾಠವಿದು.

ಈ ಸಂಚಿಕೆಯ ಇನ್ನೊಂದು ನುಡಿಯಾದ ಮಲಯಾಳದ ಪತ್ರಿಕೆಗಳು ಮೊದಲು ಇಂಥವಳನ್ನು ‘ಇರ’ ಎನ್ನುತ್ತಿದ್ದವು. ಬೇಟೆಗೆ ಸಿಕ್ಕ ಪ್ರಾಣಿ ಎಂದರ್ಥ. ಈಚಿನ ವರ್ಷಗಳಲ್ಲಿ ‘ಅತಿಜೀವಿತ’ ಎನ್ನುತ್ತಿವೆ. ಆಪತ್ತನ್ನು ದಾಟಿ ಬದುಕಿದವಳು. ಕನ್ನಡದ ‘ಸಂತ್ರಸ್ತೆ’ ಅವಳ ನೋವನ್ನು ಹೇಳುತ್ತದೆ, ಮುಂದಿನ ಬಾಳನ್ನು ಹೇಳುವುದಿಲ್ಲ. ನೆರೆಮನೆಯಿಂದ ಎರವಲು ತರಬೇಕಾದ ಪದವಿದು.

ಪದ ತಂದರಷ್ಟೇ ಸಾಲದು. ಅವಳ ಮಾತನ್ನು ನಂಬಬೇಕು. ಮುಂದಿನ ಹೆಜ್ಜೆಯನ್ನು ಅವಳೇ ನಿರ್ಧರಿಸಬೇಕು. 2013ರ ಕಾಯ್ದೆಯಂತೆ ಕಾಲೇಜಿನ ಆಂತರಿಕ ದೂರು ಸಮಿತಿಗೆ 3 ತಿಂಗಳೊಳಗೆ ದೂರು ಕೊಡಬಹುದು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ಅತ್ಯಾಚಾರದ ದೂರನ್ನು ಗಡಿಯ ಆಚೆಈಚೆ ಯಾವ ಠಾಣೆಯೂ ದಾಖಲಿಸಿಕೊಳ್ಳಬೇಕು. ಸರಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಜತ್ತದಲ್ಲಿ ನಡೆದುದನ್ನು ವಿಜಯಪುರದ ಠಾಣೆಯಲ್ಲಿ ಕನ್ನಡದಲ್ಲೇ ಹೇಳಬಹುದು. ಗಡಿನಾಡಿನ ಹುಡುಗಿಗೆ ಇದು ಸಣ್ಣ ಮಾತಲ್ಲ.

ಇನ್ನು ಮಾನ ಹೋಯಿತೆನ್ನುವವರು ಅದು ಯಾರದೆಂದು ಬಿಡಿಸಿ ಹೇಳಲಿ: ಎಸಗಿದವನದು.