ಗುರುವ ಒಳಗೆ ಹೋದ ಮೇಲೆ

ಕಾರಂತರ ‘ಚೋಮನ ದುಡಿ’ಯಲ್ಲಿ ಅಪ್ಪ ಮಗ ಇಬ್ಬರೂ ಬೇರೆಬೇರೆ ಹೊತ್ತಿನಲ್ಲಿ ಪಾದ್ರಿಯ ಕಡೆಗೆ ಮುಖ ಮಾಡುತ್ತಾರೆ. ಸಾಲ ತೀರಿಸಲು ತೋಟದ ಕೆಲಸಕ್ಕೆ ಹೋದ ಮಗ ಗುರುವ ಅಲ್ಲೇ ಕ್ರೈಸ್ತ ಹುಡುಗಿಯೊಬ್ಬಳ ಕೈಹಿಡಿದು ಆಚೆಯವನಾಗುತ್ತಾನೆ. ಅಪ್ಪ ಚೋಮ ಬೇಸಾಯಕ್ಕೆ ಒಂದು ತುಂಡು ನೆಲ ಸಿಕ್ಕೀತೆಂದು ಹೊರಟವನು ಪಂಜುರ್ಲಿಯನ್ನು ಬಿಡಲಾರದೆ ದಾರಿಯಿಂದಲೇ ತಿರುಗುತ್ತಾನೆ. 1933ರಿಂದ ಇವತ್ತಿನವರೆಗೆ ತಿರುಗಿ ಬಂದವನ ಬಗ್ಗೆ ನಾವು ಬರೆದದ್ದಕ್ಕೆ ಲೆಕ್ಕವಿಲ್ಲ. ನಾಟಕವಾಯಿತು, ಸಿನಿಮಾವಾಯಿತು. ಒಳಗೆ ಹೋದವನು ಏನಾದ? ಕಾದಂಬರಿ ಅವನ ಬೆನ್ನು ಹಿಡಿಯುವುದಿಲ್ಲ, ವಿಮರ್ಶೆಯೂ ಹಿಡಿಯಲಿಲ್ಲ. ಕುವೆಂಪು ಕೂಡ ‘ಮಲೆಗಳಲ್ಲಿ ಮದುಮಗಳು’ವಿನ ಪಾದ್ರಿ ಜೀವರತ್ನಯ್ಯನನ್ನು ಗೌಡರ ಮನೆಗಳ ಜಗಲಿಯಲ್ಲಿ ಕೂತೇ ನೋಡುತ್ತಾರೆ. ಮತಾಂತರ ನಮ್ಮ ದೊಡ್ಡ ಕಾದಂಬರಿಗಳಲ್ಲಿ ಹೊಸ್ತಿಲ ಮೇಲಿನ ಘಟನೆ. ಹೊಸ್ತಿಲ ಆಚೆ ದಿನ ಹೇಗೆ ಸಾಗುತ್ತದೆ, ಯಾರ ಮಾತು ನಡೆಯುತ್ತದೆ, ಸಂಬಂಧ ಎಲ್ಲಿಂದ ತರುತ್ತಾರೆ, ಇದ್ಯಾವುದೂ ನಮಗೆ ಗೊತ್ತಿಲ್ಲ.

ಗುರುವನ ಮುಂದಿನ ಕತೆಯಂತಿರುವ ಬರಹವೊಂದು ನನಗೆ ಸಿಕ್ಕಿದ್ದು ಇಂಗ್ಲಿಷಿನಲ್ಲಿ. ಅದು ನಡೆಯುವ ಸೀಮೆ, ಹೈದರಾಬಾದಿನ ನಾವು ಊರಿಗೆ ಹೋಗಲು ವಿಮಾನ ಹಿಡಿಯುವ ಶಂಷಾಬಾದ್. ಬರೆದವರು ಪಾಲ್ ಹೀಬರ್ಟ್. 1932ರಲ್ಲಿ ಶಂಷಾಬಾದಿನಲ್ಲೇ ಹುಟ್ಟಿದ, ತೆಲುಗು ಕೇಳುತ್ತಲೇ ಬೆಳೆದ, ಮುಂದೆ ಅಮೆರಿಕದಲ್ಲಿ ಮಾನವಶಾಸ್ತ್ರದ ಪ್ರಾಧ್ಯಾಪಕರಾಗಿ 2007ರಲ್ಲಿ ತೀರಿಕೊಂಡ ಮೆನೊನೈಟ್.

ಮೆನೊನೈಟರ ಬಗ್ಗೆ ಎರಡು ಮಾತು. ಹದಿನಾರನೆಯ ಶತಮಾನದ ಡಚ್ ನಾಡಿನ ಮೆನ್ನೊ ಸೈಮನ್ಸ್‌ನ ಹೆಸರಿನಿಂದ ಬಂದ ಪಂಥ. ತಿಳಿವಳಿಕೆ ಬಂದ ಮೇಲೆಯೇ ದೀಕ್ಷಾಸ್ನಾನ, ಆಯುಧ ಹಿಡಿಯುವುದಿಲ್ಲವೆಂಬ ಹಟ. ಈ ಹಟಕ್ಕಾಗಿಯೇ ಅಲ್ಲಿಂದ ಪ್ರಷ್ಯಾಕ್ಕೆ, ಪ್ರಷ್ಯಾದಿಂದ ದಕ್ಷಿಣ ರಷ್ಯಾಕ್ಕೆ ಹೋದರು. 1874ರಲ್ಲಿ ರಷ್ಯಾ ಕಡ್ಡಾಯ ಸೈನ್ಯಸೇವೆ ತಂದಾಗ ಸಾವಿರಾರು ಮಂದಿ ಅಮೆರಿಕಕ್ಕೆ ಗಂಟು ಕಟ್ಟಿದರು. ರಷ್ಯಾದಲ್ಲೇ ಉಳಿದವರ ಪೈಕಿ ಅಬ್ರಹಾಂ ಫ್ರೀಸನ್ ದಂಪತಿ ಬ್ಯಾಪ್ಟಿಸ್ಟರ ಜೊತೆ ಸೇರಿ ನಿಜಾಮರ ರಾಜ್ಯದ ನಲಗೊಂಡಕ್ಕೆ ಬಂದರು. ಅಮೆರಿಕಕ್ಕೆ ಹೋದವರ ಕಡೆಯಿಂದ 1899ರಲ್ಲಿ ಇಲ್ಲಿಗೆ ಬಂದವರು ಪಾಲ್ ಅವರ ಅಜ್ಜ ನಿಕೊಲಾಯ್ ಹೀಬರ್ಟ್. ನೆಲೆ ಮಲಕ್‌ಪೇಟೆ. ಆರೋಗ್ಯ ಕೆಟ್ಟು ಎರಡೇ ವರ್ಷಕ್ಕೆ ಹಿಂದಿರುಗಿದರೂ ಮಿನೆಸೋಟದ ತಮ್ಮ ಸಭೆಯಲ್ಲಿ, ಮಿಷನ್ ಮಂಡಳಿಯಲ್ಲಿ ಬಹುಕಾಲ ಹಿರಿಯರಾಗಿ ನಡೆದುಕೊಂಡರು. ಮಗ ಮತ್ತೆ ಇಲ್ಲಿಗೆ ಬಂದರು. ಮೊಮ್ಮಗ ಇಲ್ಲೇ ಹುಟ್ಟಿದರು.

ನಿಕೊಲಾಯ್ ಅವರಂಥವರ ಜೀವನ ಎಷ್ಟು ಬೇಕಾದರೂ ಸಿಗುತ್ತದೆ. ಮೂರು ದೇಶ ದಾಟಿದ ಜನ ಪಟ್ಟಿಗಳನ್ನು ಜೋಪಾನ ಮಾಡುತ್ತಾರೆ. ಹುಟ್ಟಿದ್ದು, ಹಡಗು ಹತ್ತಿದ್ದು, ದೀಕ್ಷೆ, ಮದುವೆ, ಸಭೆಯ ಹಿರಿಯನಾದದ್ದು, ಮಕ್ಕಳು, ಮರಣ. ಓದಲು ಬೇಸರವೇ, ಸುಳ್ಳು ಹೇಳುವುದಿಲ್ಲ. ನಮ್ಮ ಹೊರನಾಡ ಸಂಘಗಳು ತರುವ ಅಭಿನಂದನ ಗ್ರಂಥಗಳ ಅಣ್ಣತಮ್ಮಂದಿರಂತೆ ಕಾಣುತ್ತವೆ: ಪದಾಧಿಕಾರ ಎಲ್ಲ ಇರುತ್ತದೆ, ಜಗಳ ಒಂದೂ ಇರುವುದಿಲ್ಲ. ಆ ಹಿರಿಯ ತೆಲಂಗಾಣದಲ್ಲಿ ಯಾರ ನಡುವೆ ಬದುಕಿದನೋ ಅವರು ಅಲ್ಲಿ ಒಂದು ಸಂಖ್ಯೆ, ಇಷ್ಟು ಜನ ಸಭೆಗೆ ಸೇರಿದರು ಎಂದು. ಬಹುತೇಕ ಮಾದಿಗ, ಮಾಲ ಸಮುದಾಯಗಳಿಂದ ಬಂದವರು.

ಮೊಮ್ಮಗ ಈ ಅಚ್ಚನ್ನು ಒಡೆದ. 1971ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯ ಪ್ರಕಟಿಸಿದ ಅವರ ‘ಕೊಂಡೂರು’ ತೆಲಂಗಾಣದ ಒಂದು ಹಳ್ಳಿಯ ಅಧ್ಯಯನ. ಮಿಷನರಿ ಮನೆತನದವರು ಬರೆದ ಪುಸ್ತಕವೆಂದು ಗೊತ್ತಾಗದಷ್ಟು ಅದು ಹಳ್ಳಿಯ ಕಡೆಗೆ ತಿರುಗಿದೆ. ಆದರೆ ಉಪಶೀರ್ಷಿಕೆಯಲ್ಲೇ ‘ರಚನೆ’, ‘ಏಕೀಕರಣ’ ಎಂಬ ಮಾತುಗಳಿವೆ. ಇಷ್ಟು ಜಾತಿಗಳಿರುವ ಊರು ಒಡೆದುಹೋಗದೆ ಹೇಗೆ ನಿಂತಿದೆ ಎಂಬುದು ಅದರ ಪ್ರಶ್ನೆ. ಎಂ. ಎನ್. ಶ್ರೀನಿವಾಸರ ರಾಂಪುರದ ಪುಸ್ತಕ ಓದಿದವರಿಗೆ ಆ ಊರಿನ ಪಟೇಲರು ಈಗಲೂ ಕಣ್ಣಿಗೆ ಕಟ್ಟಿದಂತಿದ್ದಾರೆ. ‘ಕೊಂಡೂರು’ ಮುಚ್ಚಿಟ್ಟ ಮೇಲೆ ನನಗೆ ಉಳಿದದ್ದು ಊರಿನ ನಕ್ಷೆ.

ಮುಖ ಸಿಗುವುದು ಬೇರೆ ಕಡೆ, ಅವರು ಮಿಷನರಿಗಳಿಗಾಗಿ ಬರೆದ ಬರಹಗಳಲ್ಲಿ ಬರುವ ಒಂದು ಪ್ರಸಂಗದಲ್ಲಿ. ಎರಡು ಪುಟವೂ ಆಗಲಿಕ್ಕಿಲ್ಲ. ಹೀಬರ್ಟ್ ಶಂಷಾಬಾದಿನ ಬೈಬಲ್ ಶಾಲೆಯಲ್ಲಿದ್ದ 1960ರ ದಶಕದ ಮಾತು. ಎಲ್ಲಯ್ಯ ಎಂಬ ಸಭಾಹಿರಿಯ ಬಹುದೂರ ನಡೆದು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅವನ ಊರು ಮುಚ್ಚಿಂತಲ. (ಆ ಹೆಸರು ಕೇಳಿದರೆ ನಮಗೆ ನೆನಪಾಗುವುದು 2022ರಲ್ಲಿ 216 ಅಡಿಯ ರಾಮಾನುಜರ ಪ್ರತಿಮೆ ಎದ್ದ ಮುಚ್ಚಿಂತಲ.) ಊರಿಗೆ ಸಿಡುಬು ಬಂದಿದೆ, ನಮ್ಮ ಅಜ್ಜಿಯರು ಹೇಳುತ್ತಿದ್ದಂತೆ ‘ಅಮ್ಮ’ ಬಂದಿದ್ದಾಳೆ. ಮಕ್ಕಳು ಸಾಯುತ್ತಿವೆ. ಮೈಸಮ್ಮ ಮುನಿದಿದ್ದಾಳೆ, ಕೋಣ ಬೀಳಬೇಕು ಎಂದು ಕಣಿ ಹೇಳುವವನು ಹೇಳಿದ. ಊರ ಹಿರಿಯರು ಮನೆಮನೆಗೆ ವಂತಿಗೆಗೆ ಬಂದರು. ಕ್ರೈಸ್ತರು ಕೊಡಲಿಲ್ಲ. ಬಾವಿ ಬಂದ್, ಅಂಗಡಿ ಬಂದ್. ಸಾಕಾಗಿ ಕೆಲವರು, ಮನಸ್ಸಿನಲ್ಲಿ ‘ದೇವರೇ, ಇದು ನಿಜವಾಗಿ ಕೊಟ್ಟದ್ದಲ್ಲ’ ಎಂದುಕೊಂಡು ಕೊಟ್ಟುಬಿಡೋಣ ಎಂದರು. ಎಲ್ಲಯ್ಯ ಬಿಡಲಿಲ್ಲ. ಈಗ ಕ್ರೈಸ್ತರ ಹುಡುಗಿಯೊಬ್ಬಳಿಗೇ ಸಿಡುಬು. ಬಂದು ಪ್ರಾರ್ಥನೆ ಮಾಡಿ ಎಂದು ಕೇಳಲು ಬಂದಿದ್ದಾನೆ.

ಹೀಬರ್ಟ್ ಪ್ರಾರ್ಥಿಸಿದರು. ವಾರದ ಮೇಲೆ ಎಲ್ಲಯ್ಯ ಮತ್ತೆ ಬಂದು ಮಗು ಹೋಯಿತು ಎಂದ. ಸೋತೆ ಎಂದುಕೊಂಡರು ಪಂಡಿತರು. ಎಲ್ಲಯ್ಯನ ಮುಖದಲ್ಲಿ ಮಾತ್ರ ಬೆಳಕಿತ್ತು. ಮಗು ಬದುಕಿದ್ದರೆ ಊರು ನಮ್ಮ ದೇವರ ಶಕ್ತಿಯನ್ನು ಒಪ್ಪುತ್ತಿತ್ತು, ಆದರೆ ಅವಳೂ ಒಂದು ದಿನ ಸಾಯಲೇಬೇಕಿತ್ತು. ನಾವು ಮಣ್ಣು ಮಾಡಿದ ರೀತಿಯಲ್ಲಿ, ಮತ್ತೆ ಸೇರುತ್ತೇವೆಂಬ ನಂಬಿಕೆಯಲ್ಲಿ ಅವರು ಅದಕ್ಕಿಂತ ದೊಡ್ಡದನ್ನು ಕಂಡರು ಎಂಬ ಅರ್ಥದ ಮಾತು ಹೇಳಿದ.

1982ರ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಹೀಬರ್ಟ್ ಹೇಳುವುದು ಇದು: ಪಶ್ಚಿಮದಿಂದ ಬಂದವನ ಲೋಕದಲ್ಲಿ ಮೇಲೆ ದೇವರು, ಕೆಳಗೆ ವಿಜ್ಞಾನ, ನಡುವಿನ ಅಂತಸ್ತು, ಎಂದರೆ ಮೈಸಮ್ಮ, ದೆವ್ವ, ದೃಷ್ಟಿ, ಮಾಟ ಇರುವ ಜಾಗ ಖಾಲಿ. ಹಳ್ಳಿಯವರ ಪ್ರಶ್ನೆಗಳೆಲ್ಲ ಅಲ್ಲಿಂದಲೇ ಬರುತ್ತವೆ, ತನ್ನ ಬಳಿ ಉತ್ತರವಿರಲಿಲ್ಲ. ಒಳ್ಳೆಯ ಒಳನೋಟ. ಆದರೆ ಎಲ್ಲಯ್ಯನ ಪ್ರಸಂಗವನ್ನು ಈ ವಾದಕ್ಕೋ ಶ್ರದ್ಧೆಯ ಗೆಲುವಿಗೋ ಉದಾಹರಣೆಯಾಗಿ ಬಳಸಿ ಮುಂದೆ ಹೋಗುವುದನ್ನು ನಾನು ಒಪ್ಪಲಾರೆ. ಅಲ್ಲಿ ಕಾದಂಬರಿಯಷ್ಟು ದೊಡ್ಡದು ಹೂತಿದೆ. ನೀರಿಲ್ಲದ ಕೇರಿಯಲ್ಲಿ ‘ಕೊಡಬೇಡಿ’ ಎಂದವನ ಅಧಿಕಾರ ಎಲ್ಲಿಂದ ಬಂತು? ಕೊಟ್ಟುಬಿಡೋಣ ಎಂದವರಲ್ಲಿ ಆ ಹುಡುಗಿಯ ಅಪ್ಪ ಇದ್ದನೇ? ತಾಯಿಯ ಮಾತು ಒಂದೂ ಕೇಳಿಸುವುದಿಲ್ಲ. ಮುಖದ ಬೆಳಕು ಎಲ್ಲಯ್ಯನದು, ಮಗು ಇನ್ನೊಬ್ಬರದು. ಬೋನಾಲು ಬಂದಾಗ ಅಪಾರ್ಟ್‌ಮೆಂಟಿಗೆ ಚಂದಾ ಕೇಳಲು ಬಂದವರಿಗೆ ನಾವು ಸುಮ್ಮನೆ ಫೋನ್‌ಪೇ ಮಾಡುತ್ತೇವೆ. ಕೊಡದಿದ್ದರೆ ನಮ್ಮ ನಲ್ಲಿ ನಿಲ್ಲುವುದಿಲ್ಲ. ಎಲ್ಲಯ್ಯನ ‘ಇಲ್ಲ’ಕ್ಕೆ ಬೆಲೆಯಿತ್ತು, ಅದನ್ನು ಎಲ್ಲರೂ ಒಂದೇ ಸಮನಾಗಿ ತೆರಲಿಲ್ಲ.

ಎಲ್ಲಯ್ಯ ತಾನೇ ಏಕೆ ಬರೆಯಲಿಲ್ಲ ಎಂದು ಕೇಳುವುದು ಸುಲಭ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಹೊರಗೇ ಉಳಿದರು. ಪ್ರಾರ್ಥನಾಮಂದಿರದ ಪುಸ್ತಕದಲ್ಲಿ ಒಂದು, ತಹಸೀಲ್ದಾರರ ಕಾಗದದಲ್ಲಿ ಇನ್ನೊಂದು ಎಂಬಂತೆ ಬದುಕಬೇಕಾದ ಮನೆಯಿಂದ ಆತ್ಮಕಥೆ ಹೊರಡುವುದು ಕಷ್ಟ. ಬರೆದರೆ ಮೊಮ್ಮಕ್ಕಳ ಸೀಟು, ನೌಕರಿಗೆ ಕುತ್ತು.

ನಮಗೂ ಒಂದು ಚಾಳಿಯಿದೆ. ಹೊರಗಿಂದ ಬಂದ ಪಾದ್ರಿಯನ್ನು ಅಳೆಯುವಾಗ ಕನ್ನಡಕ್ಕೆ ಏನು ಕೊಟ್ಟ ಎಂದು ಕೇಳುತ್ತೇವೆ. ಮೊಗ್ಲಿಂಗ್ ಪತ್ರಿಕೆ ಕೊಟ್ಟ, ಕಿಟೆಲ್ ನಿಘಂಟು ಕೊಟ್ಟ, ಆದ್ದರಿಂದ ನಮ್ಮವರು. ಅವರ ಸಭೆಗಳಲ್ಲಿ ಕೂತಿದ್ದವರ ಕಡೆ ಕಣ್ಣು ಹಾಯುವುದಿಲ್ಲ.

ಆ ಎರಡು ಪುಟವನ್ನು ಕನ್ನಡಕ್ಕೆ ತರಲು ಕೂತಾಗ ಒಂದು ಮಾತಿನಲ್ಲಿ ಸಿಕ್ಕಿಹಾಕಿಕೊಂಡೆ. ಕೋಣಕ್ಕೆ ವಂತಿಗೆ ಎತ್ತುವವರಿಗೂ ಎಲ್ಲಯ್ಯನಿಗೂ ಇಂಗ್ಲಿಷ್ ಒಂದೇ ಪದ ಬಳಸುತ್ತದೆ, ‘ಎಲ್ಡರ್’. ತೆಲುಗಿನಲ್ಲೂ ಹಾಗೇ: ಅವರು ಊರ ಪೆದ್ದಲು, ಇವನು ಸಂಘ ಪೆದ್ದ. ಈ ಊರಿಗೆ ಬಂದ ಹೊಸದರಲ್ಲಿ ‘ಪೆದ್ದ’ ಎಂಬುದನ್ನು ಕೇಳಿ ನಗದ ಕನ್ನಡಿಗನಿಲ್ಲ. ಕನ್ನಡದಲ್ಲಿ ಊರಿನವರಿಗೆ ‘ಯಜಮಾನ’, ‘ಗೌಡ’ ಎಂದೆಲ್ಲ ಗತ್ತಿನ ಪದಗಳಿವೆ. ಎಲ್ಲಯ್ಯನಿಗೆ ‘ಸಭಾಹಿರಿಯ’ ಎಂಬ ಪುಸ್ತಕದ ಪದವಷ್ಟೇ ಸಿಕ್ಕಿತು. ಕೊನೆಗೆ ಇಬ್ಬರಿಗೂ ‘ಹಿರಿಯ’ ಎಂದೇ ಹಾಕಿದೆ. ಬಾವಿ ಮುಚ್ಚಿಸಿದವನೂ ಹಿರಿಯ, ಬಾಯಾರಿದವರಿಗೆ ಕೊಡಬೇಡಿ ಎಂದವನೂ ಹಿರಿಯ.